ಸಾನಿಕಾ ಕಲಿತ ಕನ್ನಡ

"ಕಾಕೂ, ಬೋಲಲೀ! ಸಾನಿಕಾ ಬೋಲಲೀ!"

ಬೆಲ್ ಮೇಲಿಟ್ಟ ಬೆರಳನ್ನು ತೆಗೆಯದೆಯೇ ಕೂಗುತ್ತಿದ್ದಳು ವೈಶಾಲಿ. ನಮ್ಮ ಮೇಲಿನ ಫ್ಲ್ಯಾಟಿನವಳು. ಮಗಳು ಮಾತಾಡಿದಳಂತೆ. ಅದರಲ್ಲೇನು ವಿಶೇಷ ಅಂತೀರಾ? ಸಾನಿಕಾಗೆ ಮೂರೂವರೆ ವರ್ಷ. 'ಆಯೀ', 'ಪಾಣೀ' ಬಿಟ್ಟರೆ ಇನ್ನೊಂದು ಶಬ್ದ ಆ ಬಾಯಿಂದ ಬಂದದ್ದನ್ನು ಪುಣೆಯ ಹಡಪಸರದಲ್ಲಿರುವ ನಮ್ಮ ಸೊಸೈಟಿಯಲ್ಲಿ ಯಾರೂ ಕೇಳಿರಲಿಲ್ಲ. ಡಾಕ್ಟರು ಕಿವಿ ಸರಿಯಾಗಿದೆ ಎಂದಿದ್ದರು. ಅಜ್ಜಿ ಜೇಜುರಿಯ ಖಂಡೋಬನಿಗೆ ಹರಕೆ ಹೊತ್ತಿದ್ದಳು.

"ಆದರೆ ಮರಾಠಿ ಅಲ್ಲ ಕಾಕೂ," ಎಂದಳು ವೈಶಾಲಿ, ತನ್ನ ಮರಾಠಿಯಲ್ಲಿ. "ನಿಮ್ಮ ಭಾಷೆ ಇರಬೇಕು. ಸ್ವಲ್ಪ ಅರ್ಥ ಹೇಳಿ."

(ನಾನು ಧಾರವಾಡದವಳು. ಪುಣೆಯಲ್ಲಿ ತಲೆ ನರೆತರೂ ಇಲ್ಲಿಯವರಿಗೆ ನಾನು 'ಕಾನಡೀ ಕಾಕೂ', ಕನ್ನಡದ ಚಿಕ್ಕಮ್ಮ.)

ಮೇಲೆ ಹೋದೆ. ಸಾನಿಕಾ ನೆಲದ ಮೇಲೆ ಕೂತಿದ್ದಳು. ಎದುರಿಗೆ ಬಟ್ಟೆಯ ಮೊಲ. ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪಕ್ಕಕ್ಕೆ ತಿರುಗಿ, ಅಲ್ಲಿ ಯಾರೋ ಇದ್ದಾರೆ ಎಂಬಂತೆ, ಮೆಲ್ಲನೆ ಹೇಳಿದಳು:

"ಏನೂ ಅರ್ಥ ಆಗಲ್ಲ, ಬಿಡಿ."

ಕೂಡಲೇ ದನಿ ಬದಲಾಯಿಸಿ ತಾನೇ ಉತ್ತರ ಕೊಟ್ಟಳು:

"ಹೌದ್ರಿ ಮೇಡಂ."

ಸ್ಪಷ್ಟವಾದ ಕನ್ನಡ. ಮೊದಲ ಮಾತು ಬೆಂಗಳೂರಿನದು. ಎರಡನೆಯದು ನಮ್ಮ ಕಡೆಯದು. ಅಂದರೆ ಮಾತಾಡಿದವರು ಇಬ್ಬರು. ಆ ಇಬ್ಬರೂ ಯಾರೆಂದು, ಆ ಮಾತು ಯಾವ ಮಗುವಿನ ಬಗ್ಗೆ ಎಂದು ನನಗೆ ತಕ್ಷಣ ತಿಳಿಯಿತು. ಯಾಕೆಂದರೆ ಅವರಿಬ್ಬರಿರುವ ಶಾಲೆಗೆ ಮಗಳನ್ನು ಸೇರಿಸು ಎಂದು ವೈಶಾಲಿಗೆ ಹೇಳಿದ್ದೇ ನಾನು.

ನಮ್ಮ ಹಿಂದಿನ ರಸ್ತೆಯ ಬಂಗಲೆಯೊಂದರಲ್ಲಿ ಆ ಶಾಲೆ. ಬೆಂಚಿಲ್ಲ, ಬೋರ್ಡಿಲ್ಲ. ಗಿಡ್ಡ ಕಪಾಟುಗಳಲ್ಲಿ ಮರದ ತುಂಡು, ಮಣಿ, ಹೂಜಿ, ಬಟ್ಟಲು. ಮಗು ತನಗೆ ಬೇಕಾದ್ದನ್ನು ತಾನೇ ಆರಿಸಿ, ಚಾಪೆ ಹಾಸಿ, ಮನಸ್ಸು ಬಂದಷ್ಟು ಹೊತ್ತು ಮಾಡುತ್ತದೆ. ದೊಡ್ಡವರ ಕೆಲಸ ನೋಡುವುದು, ಕರೆದಾಗ ಹೋಗುವುದು. ಮುಖ್ಯ ಟೀಚರ್ ನಂದಿನಿ, ಬೆಂಗಳೂರಿನ ಹುಡುಗಿ. ಗಂಡನ ಕೆಲಸದ ಮೇಲೆ ಇಲ್ಲಿಗೆ ಬಂದವಳು. ಅಸಿಸ್ಟೆಂಟ್ ಗಿರಿಜಾ, ಬೆಳಗಾವಿ ಕಡೆಯವಳು, ಇಬ್ಬರು ಮಕ್ಕಳ ತಾಯಿ. ಇಬ್ಬರೂ ನಮ್ಮವರೇ ಎಂದು ನನಗೆಷ್ಟು ಹೆಮ್ಮೆ!

"ಏನು ಅರ್ಥ ಕಾಕೂ?" ವೈಶಾಲಿಯ ಮುಖ ಅರಳಿತ್ತು. ಮೊದಲ ಸಲ ಮಾತಾಡಿದ ಮಗುವಿನ ತಾಯಿ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

"ಏನೂ ಚಿಂತೆ ಇಲ್ಲ, ಇರಲಿ ಬಿಡು ಅಂತ," ಎಂದುಬಿಟ್ಟೆ.

"ಕಿತೀ ಗೋಡ!" ಎಷ್ಟು ಮುದ್ದಾದ ಮಾತು ಎಂದು ಮಗಳನ್ನು ಎತ್ತಿ ಮುದ್ದಿಸಿದಳು.

ಆ ಸುಳ್ಳು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಒಂದು ವಾರ ಕಳೆದಿರಬೇಕು, ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಮೇಲೆ ಸಾನಿಕಾ ಎಡವಿ ಬಿದ್ದು ಅಳುತ್ತಿದ್ದಳು. ವೈಶಾಲಿ ಅವಳ ಮೊಣಕಾಲು ಸವರುತ್ತಾ, ಜೋಗುಳದ ದನಿಯಲ್ಲಿ, ಕಷ್ಟಪಟ್ಟು ಕಲಿತ ಕನ್ನಡದಲ್ಲಿ ಹೇಳುತ್ತಿದ್ದಳು. "ಏನೂ ಅರ್ಥ ಆಗಲ್ಲ ಬಿಡಿ, ಬಾಳಾ. ಏನೂ ಅರ್ಥ ಆಗಲ್ಲ ಬಿಡಿ."

ಮಗು ಅಳು ನಿಲ್ಲಿಸಿತು. "ಹೌದ್ರಿ ಮೇಡಂ," ಎಂದಿತು.

ನನಗೆ ಮೇಲಕ್ಕೂ ಹೋಗಲಾಗಲಿಲ್ಲ, ಕೆಳಕ್ಕೂ ಇಳಿಯಲಾಗಲಿಲ್ಲ.

ಮರುದಿನ ಶಾಲೆ ಬಿಡುವ ಹೊತ್ತಿಗೆ ಹೋದೆ. ನಂದಿನಿ ಕುರ್ಚಿ ಎಳೆದು ಕೂರಿಸಿದಳು. ನಡೆದದ್ದನ್ನು ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಕೆಟ್ಟ ಹುಡುಗಿಯಲ್ಲ ಅವಳು, ಖಂಡಿತ ಅಲ್ಲ. ಮಕ್ಕಳ ಮುಂದೆ ಕೂರುವಾಗ ನೆಲಕ್ಕೇ ಕೂತು, ಅವರ ಕಣ್ಣಿನ ಮಟ್ಟದಲ್ಲಿ ಮಾತಾಡುವವಳು.

"ಮಕ್ಕಳು ಕೆಲಸ ಮಾಡ್ತಿರುವಾಗ ನಾವಿಬ್ರೂ ಮಾತಾಡೋ ಹಾಗೇ ಇಲ್ಲ ಆಂಟಿ. ಅವರ ಕಾನ್ಸಂಟ್ರೇಷನ್ ಹೋಗುತ್ತೆ," ಎಂದಳು. "ಆದ್ರೆ ಯಾವ ಮಗು ಏನು ಮಾಡ್ತಿದೆ ಅಂತ ನಾವು ಹೇಳ್ಕೋಬೇಕಲ್ವಾ? ಅದಕ್ಕೇ ಮೆತ್ತಗೆ ಕನ್ನಡದಲ್ಲಿ ಹೇಳ್ಕೋತಿದ್ವಿ. ಇಲ್ಲಿ ಯಾರಿಗೂ ಬರಲ್ವಲ್ಲ ಅಂತ."

ಯಾರಿಗೂ ಬರುವುದಿಲ್ಲ! ಹೊಸ ಭಾಷೆ ಮಕ್ಕಳಿಗೆ ಬರುವುದು ಹೇಗೆ ಎಂದು ಸರ್ಟಿಫಿಕೇಟ್ ಕೋರ್ಸಿನಲ್ಲಿ ಓದಿ ಬಂದವಳು ಅವಳು.

"ಅವಳ ಮುಂದೆ ಮಣಿ ಪೋಣಿಸೋದನ್ನ ಎಷ್ಟು ಸಲ ತೋರಿಸಿದ್ರೂ ಸುಮ್ನೆ ನೋಡ್ತಾ ಕೂತಿರೋಳು. ಬೇಜಾರಲ್ಲಿ ಅಂದಿರ್ತೀನಿ." ತಾನೇ ತಿದ್ದಿಕೊಂಡು, "ಒಂದು ಸಲ ಅಲ್ಲ. ಎಷ್ಟೋ ಸಲ ಅಂದಿರ್ತೀನಿ," ಎಂದಳು. ಕಣ್ಣು ಒರೆಸಿಕೊಂಡಳು.

ಗಿರಿಜಾ ಅಷ್ಟೂ ಹೊತ್ತು ಚಾಪೆ ಸುತ್ತಿ ಸುತ್ತಿ ಮೂಲೆಗೆ ಒರಗಿಸುತ್ತಿದ್ದಳು. ನಾನು ಹೊರಟಾಗ ಗೇಟಿನ ತನಕ ಬಂದಳು.

"ನೀ ಆದ್ರೂ 'ಅಲ್ರಿ' ಅನ್ನಬಾರದಾಗಿತ್ತೇನ ಗಿರಿಜಾ?" ಎಂದು ಕೇಳಿದೆ. ದನಿ ಸ್ವಲ್ಪ ಗಡುಸಾಗಿಯೇ ಇತ್ತು.

"ಅವರು ನನ್ನ ಕೇಳ್ತಿದ್ದಿಲ್ರಿ ಅಕ್ಕಾರ. ಹೇಳ್ತಿದ್ರು." ಅವಳು ಗೇಟಿನ ಚಿಲಕ ನೋಡುತ್ತಿದ್ದಳು. "ಕಸದ ಬುಟ್ಟಿ ತುಂಬೇತಿ ಅಂದ್ರೂ ಹೌದ್ರಿ ಮೇಡಂ. ನಾಳೆ ಲಗೂ ಬಾ ಅಂದ್ರೂ ಹೌದ್ರಿ ಮೇಡಂ. ದಿನಾ ಎಷ್ಟು ಸಲ ಅಂತೀನಿ, ಯಾವುದಕ್ಕ ಅಂದೆ ಅಂತ ನನಗs ನೆನಪಿಲ್ರಿ."

"ಆ ಹುಡುಗಿ ಬಗ್ಗೆ ನಿನಗೇನ ಅನಿಸಿತ್ತು?"

ಅವಳು ಚಿಲಕ ಸರಿಸಿದಳು. "ನನಗೇನ ಅನಸ್ತದ ಅಂತ ಇಲ್ಲಿ ಯಾರೂ ಕೇಳಿದ್ದಿಲ್ರಿ. ಹಂಗಾಗಿ ಅನಿಸೂದs ಬಿಟ್ಟಿತ್ತೇನೋ."

ಆ ಉತ್ತರವನ್ನು ಎಲ್ಲಿ ಇಟ್ಟುಕೊಳ್ಳಲಿ ಹೇಳಿ. ನಮ್ಮ ಆಫೀಸುಗಳಲ್ಲಿ, ನಮ್ಮ ಅಡುಗೆಮನೆಗಳಲ್ಲಿ ಇಂಥ ಎಷ್ಟು 'ಹೌದ್ರಿ'ಗಳು ದಿನವೂ ಉದುರುತ್ತವೆ. ಹೇಳಿದವರು ಒಪ್ಪಿಗೆ ಸಿಕ್ಕಿತು ಎಂದುಕೊಳ್ಳುತ್ತಾರೆ. ಇಬ್ಬರೂ ಸೇರಿ ಕೆಲಸ ಮಾಡುತ್ತಿದ್ದೇವೆ, ಟೀಮ್ ವರ್ಕ್ ಅಂದರೆ ಇದೇ ಎಂದು ಖುಷಿಪಡುತ್ತಾರೆ. (ನನ್ನ ಯಜಮಾನರೂ ಹಾಗೆಯೇ ಖುಷಿಪಡುತ್ತಿರಬಹುದು, ಪಾಪ.)

ಅಂದೇ ಸಂಜೆ ವೈಶಾಲಿಗೆ ನಿಜ ಹೇಳಿದೆ. ಚಪಾತಿ ಲಟ್ಟಿಸುತ್ತಿದ್ದಳು. ಕೈ ನಿಂತಿತು. ಕೂಗಾಡುತ್ತಾಳೆ, ಶಾಲೆಯವರನ್ನು ಬೈಯುತ್ತಾಳೆ, ನನ್ನನ್ನೂ ಬೈಯುತ್ತಾಳೆ ಎಂದುಕೊಂಡೆ. ಹಾಗೇನೂ ಮಾಡಲಿಲ್ಲ.

"ಹಾಗಾದರೆ ಕಾಕೂ," ಎಂದಳು ನಿಧಾನವಾಗಿ, "ಇಷ್ಟು ದಿನ ನಾನು ಅವಳಿಗೆ ಏನು ಹೇಳುತ್ತಿದ್ದೆ?"

ಹಂಚಿನ ಮೇಲಿನ ಚಪಾತಿ ಸೀದು ಮನೆಯೆಲ್ಲ ಹೊಗೆಯಾಯಿತು.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಸಾನಿಕಾಳನ್ನು ಅಲ್ಲಿಂದ ಬಿಡಿಸಿ ಸ್ಟೇಷನ್ ಕಡೆಯ ಒಂದು ದೊಡ್ಡ ಶಾಲೆಗೆ ಹಾಕಿದರು. ಅಲ್ಲಿ ಬೆಂಚುಗಳಿವೆ. ಅವಳ ಬಗ್ಗೆ ಅಲ್ಲಿ ಯಾರೂ ಏನೂ ಅನ್ನುವುದಿಲ್ಲ. ಅವಳಿದ್ದಾಳೋ ಇಲ್ಲವೋ ನೋಡುವುದಕ್ಕೂ ಆ ಗದ್ದಲದಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕನ್ನಡ ನಿಂತಿದೆ. ಮರಾಠಿ ಶುರುವಾಗಿಲ್ಲ. ವೈಶಾಲಿ ಮೆಟ್ಟಿಲಲ್ಲಿ ಸಿಕ್ಕರೆ ನಗುತ್ತಾಳೆ, ಬೆಲ್ ಒತ್ತುವುದಿಲ್ಲ.

ಗಿರಿಜಾಳನ್ನು ಕೆಲಸದಿಂದ ತೆಗೆದರು. ಪೋಷಕರು ಕಂಪ್ಲೇಂಟ್ ಕೊಟ್ಟ ಮೇಲೆ ಯಾರಾದರೂ ಒಬ್ಬರು ಹೋಗಲೇಬೇಕಿತ್ತಲ್ಲ. ಅದನ್ನು ತಿಳಿಸಲು ನಂದಿನಿಯೇ ಫೋನ್ ಮಾಡಿದ್ದಳು.

"ಮಾತು ನಂದು ಅಂತ ನಾನೇ ಓನರ್ ಮೇಡಂಗೆ ಹೇಳ್ದೆ ಆಂಟಿ. ಕೇಳಲಿಲ್ಲ. ಟ್ರೇನಿಂಗ್ ಆದ ಟೀಚರ್ ಸಿಗೋದು ಕಷ್ಟ, ಅಸಿಸ್ಟೆಂಟ್ ಯಾರಾದ್ರೂ ಸಿಗ್ತಾರೆ ಅಂದ್ರು."

"ಆಗ ನೀವು ಏನಂದ್ರಿ?"

ಅವಳು ಏನೆಂದಿರಬಹುದು ಎಂದು ನೀವೂ ಊಹಿಸಬಲ್ಲಿರಿ. ಅವಳಿಗೂ ಮೇಲೊಬ್ಬರು ಮೇಡಂ ಇದ್ದಾರೆ.

ಆ ಕೋಣೆಯಲ್ಲಿ ಎರಡೂವರೆ ವರ್ಷದ ಮಗು ಕೂಡ 'ನಂಗಿದು ಬೇಡ' ಎಂದು ಎದ್ದು ಹೋಗಬಹುದು, ಯಾರೂ ಬೈಯುವುದಿಲ್ಲ. ಅದೇ ಕೋಣೆಯಲ್ಲಿ 'ಅಲ್ರಿ ಮೇಡಂ' ಎನ್ನುವುದಕ್ಕೆ ಒಬ್ಬ ಹೆಂಗಸಿಗೆ ಎಷ್ಟು ವರ್ಷ ತುಂಬಬೇಕು?