ಫ್ರೇಮಿಗೆ ಅಡ್ಡ ಬಂದ ಮುಳ್ಳು

ಕಳೆದ ಭಾನುವಾರ ಒಬ್ಬ ಹೆಂಗಸು ಕೈಯಲ್ಲಿ ಕಲ್ಲು ಹಿಡಿದು ನನ್ನ ಗಂಡನನ್ನು ಹೊಡೆಯಲು ಬಂದಳು. ನಾನು ಅಲ್ಲೇ ನಿಂತಿದ್ದೆ. ತಡೆಯಲಿಲ್ಲ.

ತಡೆಯುವಷ್ಟು ಹೊತ್ತೂ ಇರಲಿಲ್ಲ ಅನ್ನಿ. ಆದರೆ ಈಗ ಕೂತು ಯೋಚಿಸಿದರೆ, ಹೊತ್ತಿದ್ದರೂ ತಡೆಯುತ್ತಿರಲಿಲ್ಲ ಅನ್ನಿಸುತ್ತದೆ.

ನನ್ನ ಗಂಡ ಹಲ್ಲಿನ ಡಾಕ್ಟರು ಅನ್ನೋದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. (ಹೊಸಬರಿಗೆ ಹೇಳುವುದಾದರೆ: ಕಲಬುರಗಿಯಲ್ಲಿ ಕ್ಲಿನಿಕ್ಕು, ಮನೆಯಲ್ಲಿ ಮೌನ.) ಈಚೆಗೆ ಅವರಿಗೆ ಫೋಟೋ ಹುಚ್ಚು ಹತ್ತಿದೆ. ಅದೂ ಎಂಥ ಫೋಟೋ? ಹೂವಲ್ಲ, ಹಕ್ಕಿಯಲ್ಲ, ಹೆಂಡತಿಯಂತೂ ಅಲ್ಲವೇ ಅಲ್ಲ. ಬಿದ್ದ ವಾಡೆ, ಬಂದಾದ ಮಿಲ್ಲು, ಜನ ಬಿಟ್ಟುಹೋದ ಊರು. ಇಂಥ ಹುಚ್ಚರದೇ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಅದಕ್ಕೊಬ್ಬ ಅಡ್ಮಿನ್ ಇದ್ದಾರೆ. ನಮ್ಮನೆಗೂ ಬಂದು ಎಣ್ಣೆಗಾಯಿ ಹೊಡೆದು ಹೋದವರು. ಅವರ ಮೊದಲ ಪಾಠ ಏನು ಗೊತ್ತಾ? ಕ್ಯಾಮೆರಾ ಎತ್ತುವ ಮೊದಲು ಫ್ರೇಮ್ ಕ್ಲೀನ್ ಮಾಡಿ. ಅಂದರೆ ಫೋಟೋದಲ್ಲಿ ಬೇಡವಾದದ್ದನ್ನೆಲ್ಲ ಎತ್ತಿ ಪಕ್ಕಕ್ಕೆ ಹಾಕಿ.

ಭಾನುವಾರದ ಪ್ಲಾನ್ ಹೀಗಿತ್ತು. ಮುಂಜಾನೆ ಆಳಂದ, ಮಧ್ಯಾಹ್ನ ಅಫಜಲಪುರ, ಸಂಜೆಯ ಲೈಟಿಗೆ ಜೇವರ್ಗಿ ಕಡೆಯ ಒಂದು ಪಾಳು ಕೋಟೆ. ನಾನು ಯಾಕೆ ಹೋದೆ? ಆಳಂದ ಬಸ್‌ಸ್ಟ್ಯಾಂಡ್ ಎದುರಿನ ಸುಸಲಾ-ಮಿರ್ಚಿಗೆ (ಒಗ್ಗರಣೆ ಮಂಡಕ್ಕಿ, ಬಜ್ಜಿ). ಸುಳ್ಳು ಯಾಕೆ ಹೇಳಲಿ. ಅಲ್ಲಿ ನಾನು ಎರಡು ಪ್ಲೇಟ್ ಮುಗಿಸುವಷ್ಟರಲ್ಲಿ ಇವರು ಒಂದು ಹಳೇ ದಾಲ್ ಮಿಲ್ಲಿನ ತುಕ್ಕು ಹಿಡಿದ ಬಾಗಿಲನ್ನು ಹತ್ತಾರು ಕೋನಗಳಿಂದ ತೆಗೆದು ಬಂದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಅಫಜಲಪುರ ದಾಟಿ ಭೀಮಾ ನದಿಯ ದಂಡೆಗೆ ಒಂದು ಊರು. ಹೆಸರು ಬರೆಯುವುದಿಲ್ಲ. (ಬರೆದರೆ ಮುಂದಿನ ಭಾನುವಾರ ನೀವೂ ಕ್ಯಾಮೆರಾ ಹಿಡಿದು ಹೋಗುತ್ತೀರಿ.) ಹೊಳೆ ಏರಿದಾಗಲೆಲ್ಲ ನೀರು ನುಗ್ಗುತ್ತಿದ್ದ ಊರು. ಜನ ಬೇಸತ್ತು ಮೇಲಿನ ದಿಬ್ಬಕ್ಕೆ ಹೋಗಿ ಹೊಸ ಊರು ಕಟ್ಟಿಕೊಂಡಿದ್ದಾರೆ. ಹೋಗುವಾಗ ಬಾಗಿಲು, ಚೌಕಟ್ಟು, ತೊಲೆ, ನೆಲದ ಹಾಸುಗಲ್ಲು ಎಲ್ಲವನ್ನೂ ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿದ್ದಾರೆ. ಉಳಿದದ್ದು ಮಣ್ಣಿನ ಗೋಡೆ. ಅದನ್ನು ನೋಡಿ ಗ್ರೂಪಿನವರು ‘ಕಾಲದ ಹೊಡೆತ’ ಅಂತ ಬರೆಯುತ್ತಾರೆ. ಯಾವ ಕಾಲ? ಅವರ ಮನೆಯ ತೊಲೆ ಅವರೇ ಒಯ್ದಿದ್ದಾರೆ, ಅಷ್ಟೇ.

ಊರೊಳಗೆ ಒಂದು ವಾಡೆಯ ಕಮಾನು ಇನ್ನೂ ನಿಂತಿದೆ. ಪಕ್ಕದಲ್ಲಿ ಬೇವಿನ ಮರ. ಇವರ ಮುಖ ಅರಳಿತು. ಒಂದೇ ತೊಂದರೆ. ಕಮಾನಿನ ಮುಂದೆ, ದಾರಿಗೆ ಅಂಟಿಕೊಂಡು, ಜಾಲಿ ಮುಳ್ಳಿನ ಒಂದು ರಾಶಿ. ಫ್ರೇಮಿಗೆ ಅಡ್ಡ. ನಮ್ಮ ಡಾಕ್ಟರು ಕ್ಯಾಮೆರಾ ನನ್ನ ಕೈಗೆ ಕೊಟ್ಟು, ತೋಳು ಮಡಚಿ, ಒಂದು ಕೊಂಬೆ ಹಿಡಿದು ಎಳೆದರು.

ಆಗ ಬಂದಳು ನಾಗಮ್ಮ. ಐವತ್ತರ ಆಸುಪಾಸಿನ ಹೆಂಗಸು. ಮೇಕೆಗಳನ್ನು ಅಲ್ಲೇ ಬಿಟ್ಟು, ಕಲ್ಲೆತ್ತಿಕೊಂಡು ಓಡಿ ಬಂದಳು.

“ಏ ಯಪ್ಪಾ, ಆ ಮುಳ್ಳಿಗಿ ಕೈ ಹಚ್ಚಬ್ಯಾಡ. ಹಚ್ಚಿದ್ರ ಈ ಕಲ್ಲು ನಿನ್ನ ತೆಲಿ ಮ್ಯಾಲ ಬೀಳ್ತದ.”

ಇವರು ಕೊಂಬೆ ಬಿಟ್ಟರು. ನಾನು ಕ್ಷಮೆ ಕೇಳಿದೆ, ಯಾಕೆಂದು ಗೊತ್ತಿಲ್ಲದಿದ್ದರೂ. ಅವಳು ಕಲ್ಲು ಕೆಳಗೆ ಹಾಕಲಿಲ್ಲ. ಇನ್ನೊಂದು ಕೈಯಿಂದ ಕೊಂಬೆಯನ್ನು ಸ್ವಲ್ಪ ಎತ್ತಿ, ಒಳಗೆ ನೋಡಿ ಅಂದಳು. ನೋಡಿದೆ. ನೆಲದಲ್ಲಿ ಒಂದು ಕಪ್ಪು ಬಾಯಿ. ಹಗೇವು!

ನಮ್ಮ ಕಡೆಯವರಿಗೆ ಹಗೇವು ಗೊತ್ತು. ಜೋಳ ತುಂಬಿಡಲು ಮನೆ ಮುಂದೆ ತೋಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳ ಆಳಿಗಿಂತ ಹೆಚ್ಚು. ನಾಗಮ್ಮನ ಮನೆಯ ಹಗೇವಿನ ಮುಚ್ಚುಗಲ್ಲು ಹೊಸ ಊರಿಗೆ ಹೋಗಿ ಬಚ್ಚಲಿನ ನೆಲವಾಗಿದೆ. ಹಾಗಾಗಿ ಮುಳ್ಳು. ಹಳೆಯದು ಪುಡಿಯಾದಂತೆ ಹೊಸದು ಕಡಿದು ಹಾಕುತ್ತಾರೆ. ಇಲ್ಲಿ ಗುಂಡಿ ಇದೆ ಅನ್ನುವುದಕ್ಕೆ ಊರಿನ ಗುರುತು ಅದೇ.

ಇಷ್ಟಕ್ಕೇ ಅಷ್ಟು ಸಿಟ್ಟಾ ಅಂತ ಕೇಳಬೇಡಿ. ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೆ. ಅವಳು ನಮ್ಮನ್ನು ದಿಬ್ಬದ ಮೇಲಿನ ಮನೆಗೆ ಕರೆದುಕೊಂಡು ಹೋದಳು. ಅತಿಥಿಗಳಂತೆ ಅಲ್ಲ, ಎಳೆದುಕೊಂಡು ಹೋದ ಹಾಗೆ.

ಪಡಸಾಲೆಯಲ್ಲಿ ಮಂಚದ ಮೇಲೆ ಅವಳ ಮಗಳು ಭಾಗ್ಯಶ್ರೀ ಕಾಲು ನೀಡಿ ಕೂತಿದ್ದಳು. ತೊಡೆಯ ಮೂಳೆ ಮುರಿದು ಒಳಗೆ ರಾಡ್ ಹಾಕಿದ್ದಾರೆ. ಇಪ್ಪತ್ತಾರು ವಯಸ್ಸು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಿ, ಲಿಖಿತ ಪರೀಕ್ಷೆ ಪಾಸಾಗಿದ್ದಳು. ಉಳಿದದ್ದು ಓಟ. ಹೊಸ ಊರಿನಲ್ಲಿ ಓಡುವುದು ಎಲ್ಲಿ? ಪ್ಯಾಂಟು ಹಾಕಿಕೊಂಡು ಬೀದಿಗೆ ಬಂದರೆ ಕಟ್ಟೆ ಮೇಲೆ ಕೂತವರು ಶಿಳ್ಳೆ ಹೊಡೆಯುತ್ತಾರೆ, ಮೊಬೈಲ್ ಎತ್ತುತ್ತಾರೆ. ಹಾಗಾಗಿ ದಿನಾ ಸಂಜೆ ಹಳೇ ಊರಿಗೆ ಇಳಿಯುತ್ತಿದ್ದಳು. ಅಲ್ಲಿ ಅವಳನ್ನು ನೋಡುವವರು ಯಾರೂ ಇರಲಿಲ್ಲ. ನಾವು ‘ಸತ್ತ ಊರು’ ಅಂತ ಫೋಟೋ ತೆಗೆಯುವ ಜಾಗ ಒಬ್ಬ ಹುಡುಗಿಗೆ ಮೈದಾನವಾಗಿತ್ತು.

ಒಂದು ದಿನ ಎರಡು ಕಾರು ಬಂದವಂತೆ. ಮದುವೆಗೆ ಮೊದಲು ತೆಗೆಸುತ್ತಾರಲ್ಲ, ಆ ಫೋಟೋಕ್ಕೆ. ಹುಡುಗಿಗೆ ನೆಲ ಗುಡಿಸುವಂಥ ಕೆಂಪು ಗೌನು. ನಾಗಮ್ಮ ದೂರದಿಂದ ನೋಡಿ ನಕ್ಕು, ಮೇಕೆ ಹೊಡೆದುಕೊಂಡು ಹೋಗಿದ್ದಳಂತೆ. ಅವರು ಮುಳ್ಳಿನ ರಾಶಿಯನ್ನು ಹಗೇವಿನ ಎಡಕ್ಕೆ ಎಳೆದು ಹಾಕಿ, ಫೋಟೋ ತೆಗೆದು, ಹೊರಟುಹೋದರು. ಮುಳ್ಳು ಎಳೆದು ಹಾಕಿದಲ್ಲಿಯೇ ಉಳಿಯಿತು.

ಮುಂದಿನದನ್ನು ಭಾಗ್ಯಶ್ರೀಯೇ ಹೇಳಿದಳು.

“ಹೊತ್ತು ಮುಳುಗಿತ್ರಿ ಅಕ್ಕಾರ. ಮುಳ್ಳು ಕಾಣ್ತು. ದಿನಾ ಮುಳ್ಳು ಎಡಕ್ಕ ಬಿಟ್ಟು ಬಲಕ್ಕ ಹೊಳ್ಳತಿದ್ದೆ. ಅವತ್ತೂ ಹಂಗೇ ಹೊಳ್ಳೀನ್ರಿ.”

ಅಷ್ಟೇ. ಬಲಕ್ಕೆ ಹಗೇವು ಬಾಯಿ ತೆರೆದು ಕೂತಿತ್ತು.

ತಿಳಿಯಿತಾ? ಗುರುತು ಇಲ್ಲದಿದ್ದರೆ ಆ ಹುಡುಗಿ ಅನುಮಾನಪಟ್ಟು ನಿಲ್ಲುತ್ತಿದ್ದಳೋ ಏನೋ. ಗುರುತು ಇತ್ತು. ಯಾರೋ ಅದನ್ನು ಸರಿಸಿದ್ದರು. ಕತ್ತಲಾದರೂ ಮಗಳು ಬರಲಿಲ್ಲವೆಂದು ತಾಯಿ ಬ್ಯಾಟರಿ ಹಿಡಿದು ಹುಡುಕಿಕೊಂಡು ಹೋಗುವವರೆಗೆ ಅವಳು ಆ ಗುಂಡಿಯಲ್ಲಿ ಒಬ್ಬಳೇ ಬಿದ್ದಿದ್ದಳು.

ಓಟದ ಪರೀಕ್ಷೆ ನಡೆದುಹೋಯಿತು. ಮುಂದಿನ ಸಲ ಕರೆಯುತ್ತಾರಲ್ಲಮ್ಮ ಅಂದೆ. ನಾವು ಬೇರೆ ಏನು ತಾನೇ ಹೇಳುತ್ತೇವೆ? ಅಷ್ಟರಲ್ಲಿ ತನ್ನ ವಯಸ್ಸು ಮೀರಿರುತ್ತದೆ ಅಂದಳು. ಆಮೇಲೆ ಕಾಲಿನ ಕಡೆ ನೋಡುತ್ತ ಅಂದಳು:

“ನಾನೂರು ಮೀಟರ್ ಅಷ್ಟೇರಿ. ಎರಡು ನಿಮಿಷದ ಕೆಲಸ. ನನಗ ಅದಕ್ಕೂ ಕಮ್ಮಿ ಹತ್ತತಿತ್ತು.”

ನನ್ನ ಗಂಡ ಆಗಲೇ ಮೊಬೈಲ್ ತೆಗೆದು ಏನೋ ಹುಡುಕುತ್ತಿದ್ದರು. ಈ ಹೊತ್ತಿನಲ್ಲಿ ಮೊಬೈಲಾ ಅಂತ ಮೈ ಉರಿಯಿತು. ಇಣುಕಿ ನೋಡಿದೆ. ಅದೇ ಗ್ರೂಪ್. ಅದೇ ಕಮಾನು, ಅದೇ ಬೇವಿನ ಮರ. ಕೆಂಪು ಗೌನು ಕಲ್ಲಿನ ಮೇಲೆ ಹರಡಿದೆ. ಎಡಗಡೆ ಮೂಲೆಯಲ್ಲಿ ಒಂದು ದುಂಡನೆಯ ಕಪ್ಪು ಬಾಯಿ, ಹಾಗೇ ತೆರೆದೇ ಇದೆ. ಕೆಳಗೆ ಬರೆದಿದ್ದಾರೆ: ‘ಯಾರೂ ಇಲ್ಲದ ಊರಿನಲ್ಲಿ ನಾವಿಬ್ಬರೇ’. ಅದರ ಕೆಳಗೆ ಹೃದಯಗಳ ಸಾಲು. ಅದರಲ್ಲೊಂದು ನಮ್ಮ ಡಾಕ್ಟರದ್ದು.

ಇವರು ಅಲ್ಲಿಯೇ ಕೂತು, ನಡೆದದ್ದನ್ನೆಲ್ಲ ಗ್ರೂಪಿನಲ್ಲಿ ಬರೆದರು. ಬರೆಯಿರಿ ಅಂತ ನಾನು ಹೇಳಲೂ ಇಲ್ಲ. ಹಾಗೇ ಹಳೇ ಊರಿಗೆ ಇಳಿದು, ತಾವು ಎಳೆದಿದ್ದ ಕೊಂಬೆಯನ್ನು ಮತ್ತೆ ರಾಶಿಯ ಮೇಲೆ ಹಾಕಿ ಬಂದರು. ಅಂಗೈಗೆ ಮುಳ್ಳು ಮುರಿದಿತ್ತು. ತೆಗೆದುಕೊಡು ಅಂತ ಕೇಳುವ ಧೈರ್ಯ ಮಾಡಲಿಲ್ಲ. ಜೇವರ್ಗಿಯ ಮೇಲೆ ಹಾದು ಮನೆಗೆ ಬಂದೆವು. ಕೋಟೆ ಕಡೆ ಗಾಡಿ ತಿರುಗಲಿಲ್ಲ.

ದಾರಿಯಲ್ಲೇ ಉತ್ತರಗಳು ಬಂದವು. ಮೂರ್ನಾಲ್ಕು ಕೈಮುಗಿದ ಚಿತ್ರ. ಒಬ್ಬರಿಗೆ ‘ತುಂಬಾ ಬೇಸರ’ವಾಯಿತು. ಇನ್ನೊಬ್ಬರು, ಕೇಳಿ, ಆ ಊರಿನ ಲೊಕೇಶನ್ ಕಳಿಸಿ ಅಂದರು! ಆಮೇಲೆ ಅಡ್ಮಿನ್ ಸಾಹೇಬರು ಇವರ ಬರಹವನ್ನೇ ಅಳಿಸಿ ಹಾಕಿದರು. ಗ್ರೂಪಿನಲ್ಲಿ ಫೋಟೋ ಮಾತ್ರ ಹಾಕಬೇಕಂತೆ, ನೆಗೆಟಿವ್ ವಿಷಯ ಬೇಡವಂತೆ. ಅದನ್ನೂ ಫ್ರೇಮಿನಿಂದ ಕ್ಲೀನ್ ಮಾಡಿದರು ನೋಡಿ! ಎಣ್ಣೆಗಾಯಿ ತಿಂದ ಬಾಯಿ ಅದು.

ನಾನು ಸುಮ್ಮನಿರುವವಳಲ್ಲ. ಆ ಫೋಟೋ ತೆಗೆದವನ ನಂಬರ್ ಹುಡುಕಿ ಫೋನ್ ಮಾಡಿದೆ. ತುಂಬ ವಿನಯದ ಮನುಷ್ಯ. “ಅಲ್ಲಿ ಯಾರೂ ಇರಲಿಲ್ಲ ಮೇಡಂ. ಅಷ್ಟು ಡೇಂಜರ್ ಇದ್ದರೆ ಊರವರು ಒಂದು ಬೋರ್ಡ್ ಹಾಕಬೇಕಿತ್ತಲ್ವಾ?” ಅಂದ.

ಬೋರ್ಡಾ? ಬೋರ್ಡ್ ಹಾಕಿದ್ದರಲ್ಲಪ್ಪ! ಮುಳ್ಳಿನದು. ಓದು ಬರಹ ಬಾರದವರಿಗೂ, ಮೇಕೆಗೂ, ಎಮ್ಮೆಗೂ ಅರ್ಥವಾಗುವ ಬೋರ್ಡು. ಅದನ್ನು ಓದಲಾಗದವನು ನೀನೊಬ್ಬನೇ.

ಯಾರೂ ಇಲ್ಲ, ಯಾರೂ ಇಲ್ಲ. ಈ ಮಾತು ಕೇಳಿದರೆ ನನಗೀಗ ಕಿವಿ ಉರಿಯುತ್ತದೆ. ಯಾರೋ ಇದ್ದುದರಿಂದಲೇ ಅಲ್ಲಿ ಮುಳ್ಳು ಬಿದ್ದಿತ್ತು. ಜಾಲಿ ಕೊಂಬೆಗಳು ತಾವಾಗಿಯೇ ನಡೆದು ಬಂದು ಗುಂಡಿಯ ಮೇಲೆ ಮಲಗುತ್ತವೆಯೇ? ನಮಗೆ ಖಾಲಿ ಜಾಗ ಬೇಕು. ಖಾಲಿ ಇಲ್ಲದಿದ್ದರೆ ಖಾಲಿ ಮಾಡಿಕೊಳ್ಳುತ್ತೇವೆ. ಆಮೇಲೆ ಅದರ ಮುಂದೆ ನಿಂತು ಎಂಥಾ ಮೌನ ಅಂತ ನಿಟ್ಟುಸಿರು ಬಿಡುತ್ತೇವೆ. ನಾಚಿಕೆಯಾಗಬೇಕು.

ಇವರು ಗ್ರೂಪ್ ಬಿಟ್ಟರು. ಅದೇನು ದೊಡ್ಡ ತ್ಯಾಗವಲ್ಲ. ಭಾಗ್ಯಶ್ರೀ ಇನ್ನೂ ಮಂಚದ ಮೇಲಿದ್ದಾಳೆ. ಆ ಜೋಡಿಯ ಮದುವೆ ಚೆನ್ನಾಗಿಯೇ ಆಗಿರಬೇಕು, ಫೋಟೋ ಹಾಲ್‌ನಲ್ಲಿ ತೂಗುತ್ತಿರಬೇಕು. ಅದನ್ನು ತೆಗೆದವನಿಗೆ, ತೆಗೆಸಿಕೊಂಡವರಿಗೆ, ಪಾಠ ಹೇಳಿಕೊಟ್ಟವರಿಗೆ ನನ್ನದೊಂದೇ ಪ್ರಶ್ನೆ.

ಎಳೆದ ಮುಳ್ಳನ್ನು ಮತ್ತೆ ಹಗೇವಿನ ಮೇಲೆ ಹಾಕಿ ಬರಲು ನಿಮಗೆ ಎಷ್ಟು ಹೊತ್ತು ಬೇಕಿತ್ತು, ಎರಡು ನಿಮಿಷ?