ಅಕ್ಕನ ಹೊಲದ ಲೆವೆಲ್

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನಗೆ ಈಗ ಒಂದು ಇಂಗ್ಲಿಷ್ ಪದ ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಲೆವೆಲ್.

ಕಾಲುವೆ ಬರುವ ಮುಂಚೆ ನಮ್ಮೂರು ಸಗರದಲ್ಲಿ ಈ ಮಾತು ಗೋಡೆ ಕಟ್ಟುವ ಗೌಂಡಿಯ ರಸಮಟ್ಟದ ಆಚೆ ಹೋಗುತ್ತಿರಲಿಲ್ಲ. ನೀರು ಬಂದದ್ದೇ ತಡ, ಹೊಲಕ್ಕೆ ಟ್ರ್ಯಾಕ್ಟರ್ ಹೊಡೆಸುವುದೂ ಲೆವೆಲ್, ಕಾಲುವೆ ನೀರಿನ ಎತ್ತರವೂ ಲೆವೆಲ್. ಭತ್ತ ಬೆಳೆದು ಬುಲೆಟ್ ಗಾಡಿ ತಂದವನ ಗತ್ತೂ ಲೆವೆಲ್ಲೇ. ಕನ್ಯೆ ನೋಡಲು ಹೋದವರು ಚಹಾ ಕುಡಿದು, ಚೂಡಾ ತಿಂದು, ನಮ್ಮ ಲೆವೆಲ್ಲಿಗೆ ಹೊಂದುವುದಿಲ್ಲ ಎಂದು ಎದ್ದು ಬರುತ್ತಾರೆ. ಅರ್ಜಿ ಹಿಡಿದು ಹೋದರೆ ಗುಮಾಸ್ತರಿಗೆ ಅದು ಯಾವಾಗಲೂ ಮೇಲಿನ ಲೆವೆಲ್ಲಿನ ವಿಷಯ. ಇಷ್ಟನ್ನೆಲ್ಲ ನಗುತ್ತಲೇ ಸಹಿಸಿದ್ದೆ.

ನನ್ನ ಅಕ್ಕ ಶಾಂತಮ್ಮನ ಹೊಲ ಕಿರುಗಾಲುವೆಯ ಕಟ್ಟಕಡೆಗಿದೆ. ಹೋದ ಹಂಗಾಮಿನಲ್ಲಿ ನಾಟಿ ಮಾಡಿ ಎಂಟು ದಿನವಾದರೂ ಅವಳ ಪಾಳಿಯ ನೀರು ಬರಲಿಲ್ಲ. ಗದ್ದೆ ಬಿರಿಯತೊಡಗಿತ್ತು, ಇನ್ನೆರಡು ದಿನ ಕಳೆದರೆ ನಟ್ಟದ್ದೆಲ್ಲ ಒಣಗಿಹೋಗುತ್ತಿತ್ತು. ನೋಡಲು ಬಂದ ಕಾಲುವೆ ಸಾಹೇಬರು ಜೀಪಿನಿಂದ ಇಳಿಯಲೂ ಇಲ್ಲ. ಹೊಲದ ಲೆವೆಲ್ ಸರಿಯಿಲ್ಲ, ನೀರು ಏರುವುದಿಲ್ಲ ಎಂದುಬಿಟ್ಟರು. ಕಲಿತವನಾದ ನಾನು ಹೌದೌದೆಂದು ತಲೆಯಾಡಿಸಿದೆ. ಇಂಗ್ಲಿಷಿನಲ್ಲಿ ಹೇಳಿದ್ದು ಸುಳ್ಳಿರಲಾರದು ಎಂಬುದು ನನ್ನ ಹಳೆಯ ರೋಗ.

ಅಕ್ಕ ಆ ಹೊಲವನ್ನು ಕೈಯಾರೆ ಮಟ್ಟ ಮಾಡಿದವಳು. ಗದ್ದೆಯಲ್ಲಿ ನೀರು ಕಟ್ಟಿ ನಿಲ್ಲಿಸಿ, ಎಲ್ಲಿ ಮಣ್ಣು ತಲೆ ಎತ್ತಿತೋ ಅಲ್ಲಿಂದ ಪುಟ್ಟಿಯಲ್ಲಿ ಹೊತ್ತು ತಗ್ಗಿಗೆ ಸುರಿದಿದ್ದಳು. ನೀರಿಗಿಂತ ದೊಡ್ಡ ಇಂಜಿನಿಯರ್ ಅವಳಿಗೆ ಗೊತ್ತಿಲ್ಲ.

"ಸಾಹೇಬ್ರ, ಕೆಳಗ ಇಳೀರಿ," ಎಂದಳು.

ಏರಿಯ ಮೇಲೆ ನಮ್ಮಿಬ್ಬರನ್ನೂ ನಡೆಸಿಕೊಂಡು ಹೋದಳು. ಮೇಲಿನ ಹೊಲದ ದೊಡ್ಡ ರೈತ ಕಾಲುವೆಗೆ ಅಡ್ಡಲಾಗಿ ಉಸುಕಿನ ಚೀಲ ಒಟ್ಟಿದ್ದ. ಅವನ ಗದ್ದೆ ತುಂಬಿ ತುಳುಕುತ್ತಿತ್ತು. ಆ ಕಾಲುವೆಯ ರೈತರೆಲ್ಲರಿಗೂ ಇದು ಗೊತ್ತಿತ್ತು. ನಾಳೆ ಅವನ ಟ್ರ್ಯಾಕ್ಟರ್ ಬೇಕಾಗುತ್ತದೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಅಕ್ಕ ಸೀರೆ ಕಚ್ಚೆ ಹಾಕಿ ನೀರಿಗಿಳಿದು ಒಂದೊಂದೇ ಚೀಲ ಎಳೆದು ದಂಡೆಗೆ ಹಾಕಿದಳು. ನಾವಿಬ್ಬರು ಕಲಿತವರು ನಿಂತು ನೋಡಿದೆವು.

"ಈಗ ನಮ್ಮ ಹೊಲಕ್ಕ ನಡೀರಿ. ಏರತದೋ ಇಲ್ಲೋ, ನೀರನ್ನ ಕೇಳೂಣು."

ನಾವು ಮುಟ್ಟುವಷ್ಟರಲ್ಲಿ ನೀರು ಮೊದಲ ಮಡಿ ದಾಟಿ ಎರಡನೆಯದಕ್ಕೆ ಇಳಿಯುತ್ತಿತ್ತು. ಸಾಹೇಬರು ಮೊಬೈಲು ತೆಗೆದು ಯಾರ ಜೊತೆಗೋ ಮಾತಾಡುತ್ತ ಜೀಪು ಹತ್ತಿದರು. ಅವರ ಮೇಲೆ, ಚೀಲ ಒಟ್ಟಿದವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅಕ್ಕನ ಸಿಟ್ಟು ಅವರಾರ ಮೇಲೂ ಇರಲಿಲ್ಲ.

"ಅವರು ಹೊರಗಿನವರು, ಅಂದ್ರು. ನೀ ಯಾಕ ತಲಿ ಆಡಿಸಿದೆಪಾ, ತಮ್ಮಾ?"

ಚಪ್ಪಲಿ ಬದುವಿನ ಮೇಲೆ ಬಿಟ್ಟು, ಅಕ್ಕನ ಸಲಿಕೆ ತೆಗೆದುಕೊಂಡು, ಮುಂದಿನ ಮಡಿಗೆ ನೀರು ಬಿಡಲು ಕೆಸರಿಗಿಳಿದೆ.