ಜಲಜಾ, ನಿನ್ನ ಬೆರಳುಗಳ ವಿಷಯ

ಜಲಜಾ, ನಿನ್ನ ಬಲಗೈಯ ಎರಡು ಬೆರಳುಗಳು ಮಡಚಿಕೊಂಡದ್ದಕ್ಕೆ ರೋಗವೊಂದೇ ಕಾರಣವಲ್ಲ, ನಾನೂ ಕಾರಣ. ಏನಾಗುತ್ತಿದೆಯೆಂದು ನಿನಗೇ ತಿಳಿಯದಿದ್ದಾಗ — ನನಗೆ ಗೊತ್ತಿತ್ತು.

ಐವತ್ತರ ದಶಕದ ಕೊನೆಯ ವರ್ಷಗಳು ಅವು. ಬಂಟ್ವಾಳದ ಹೊಲಿಗೆ ತರಗತಿಗೆ ನಾನು ನರಿಕೊಂಬಿನಿಂದ ಬರುತ್ತಿದ್ದೆ. ನೀನು ಮುಂಡಾಜೆಯವಳು, ಪೇಟೆಯ ಚಿಕ್ಕಮ್ಮನ ಮನೆಯಲ್ಲಿದ್ದು ಕಲಿಯಲು ಬಂದವಳು. ನೀನು ಬರುವವರೆಗೆ ಅಲ್ಲಿ ಒಳ್ಳೆಯ ಕಸೂತಿ ಎಂದರೆ ನನ್ನದು. ನೀನು ಬಂದ ಮೂರನೆಯ ವಾರವೇ ಟೀಚರ್ ನಿನ್ನ ಮಲ್ಲಿಗೆ ಬಳ್ಳಿಯನ್ನು ಎತ್ತಿ ಹಿಡಿದು, "ತಿರುಗಿಸಿ ನೋಡಿ, ಯಾವುದು ಮೇಲು, ಯಾವುದು ಅಡಿ ಅಂತ ಗೊತ್ತೇ ಆಗುವುದಿಲ್ಲ" ಎಂದರು. ನನ್ನ ಕಸೂತಿಯ ಹಿಂಬದಿಯನ್ನು ನಾನು ಮಡಿಲಲ್ಲಿ ಮುಚ್ಚಿಕೊಂಡೆ. ಅಂದಿನಿಂದ ನಿನ್ನ ಕೈ ನೋಡುವುದೇ ನನ್ನ ಕೆಲಸವಾಯಿತು. ಆಗ ನಿನ್ನ ಮುಖ ಹೇಗಿತ್ತೆಂದು ಕೇಳಿದರೆ ಹೇಳಲಾರೆ — ಆ ಕೈ ಮಾತ್ರ...

ಹಾಗೆ ನೋಡುತ್ತಿದ್ದುದರಿಂದಲೇ ಮೊದಲು ಕಂಡದ್ದು ನನಗೆ. ಸೂಜಿ ನಿನ್ನ ಕಿರುಬೆರಳಿಗೆ ಹೊಕ್ಕು ಬಟ್ಟೆಗೆ ರಕ್ತ ತಾಗಿತು. ನೀನು ಕೈ ಎಳೆದುಕೊಳ್ಳಲಿಲ್ಲ. "ಇಲ್ಲಿ ನನಗೆ ನೋವೇ ಆಗುವುದಿಲ್ಲ ಮಾರಾಯ್ತಿ" ಎಂದು ನಕ್ಕೆ. ಮೊಣಕೈಯ ಕೆಳಗೆ ಮಾಸಲು ಬಣ್ಣದ ಕಲೆಯೊಂದಿತ್ತು.

ನನ್ನ ಸೋದರಮಾವನಿಗೂ ಶುರುವಾದದ್ದು ಹೀಗೆಯೇ. ಕುಷ್ಠವೆಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ. ಅವರೊಡನೆ ಡಾಕ್ಟರರಲ್ಲಿಗೆ ಹೋಗುತ್ತಿದ್ದವಳು ನಾನು. ಮಾವನ ಮೊಣಕೈಯ ಹಿಂದೆ ಹಗ್ಗದಂತೆ ದಪ್ಪಗಾಗಿದ್ದ ನರವನ್ನು ಡಾಕ್ಟರು ನನ್ನಿಂದಲೇ ಮುಟ್ಟಿಸಿದ್ದರು. "ಕಲೆ ಕಾಣುವುದು ಚರ್ಮದಲ್ಲಿ, ರೋಗಾಣು ಕೂತಿರುವುದು ನರದಲ್ಲಿ. ಮೊದಲು ನೋವು ತಿಳಿಯುವುದು ನಿಲ್ಲುತ್ತದೆ, ಆಮೇಲೆ ಬಲ ಹೋಗುತ್ತದೆ. ಬರೀ ಕಲೆ ಇದ್ದಾಗ ಬಂದಿದ್ದರೆ ಮಾತ್ರೆ ಕೊಟ್ಟು ಬೆರಳು ಉಳಿಸಬಹುದಿತ್ತು" ಎಂದಿದ್ದರು.

ಇದನ್ನು ನಿನಗೆ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮೂಡಬಿದಿರೆಯ ಶಾಲೆಯೊಂದಕ್ಕೆ ಹೊಲಿಗೆ ಟೀಚರ್ ಬೇಕಾಗಿತ್ತು — ಇದ್ದದ್ದು ಒಂದೇ ಕೆಲಸ. "ಜಲಜಾಳನ್ನೇ ಕಳಿಸುವ" ಎಂದು ನಮ್ಮ ಟೀಚರ್ ಹೇಳಿದ್ದು ಬಾಗಿಲ ಹೊರಗಿದ್ದ ನನಗೆ ಕೇಳಿಸಿತ್ತು.

ಆ ತಿಂಗಳೇ ಚರ್ಮದ ಕಲೆ ಪರೀಕ್ಷಿಸುವವರು ತರಗತಿಗೆ ಬರುವ ಸುದ್ದಿ ಬಂತು. ನೀನು ಕೈ ಚಾಚಿ, "ಇದು ಎಂತದ್ದು ಅಂತ ಅವರಲ್ಲಿ ಕೇಳುವುದಾ?" ಎಂದೆ.

"ಚಿಬ್ಬು ಅದು, ಬೆವರಿಗೆ ಬರುವ ಕಲೆ. ಸುಮ್ಮನೆ ತೋರಿಸಿ ರೋಗಿಗಳ ಪಟ್ಟಿಗೆ ಹೆಸರು ಬರೆಸಿಕೊಳ್ಳಬೇಡ. ಆಮೇಲೆ ಕೆಲಸವೂ ಇಲ್ಲ, ಮದುವೆಯೂ ಇಲ್ಲ ಅಂತ ಆದೀತು," ಎಂದೆ ನಾನು.

ಎರಡೇ ದಿನದಲ್ಲಿ ನಿನಗೊಂದು ಉದ್ದ ತೋಳಿನ ರವಿಕೆ ಹೊಲಿದುಕೊಟ್ಟೆ. ಅಷ್ಟು ಚೆಂದದ ಹೊಲಿಗೆ ನನ್ನ ಕೈಯಿಂದ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. "ಸ್ವಂತ ಅಕ್ಕ ಕೂಡ ಇಷ್ಟು ಮಾಡುವುದಿಲ್ಲ" ಎಂದು ನೀನು ನನ್ನ ಕೈ ಹಿಡಿದೆ. ಹಿಡಿತದಲ್ಲಿ ಬಲವಿರಲಿಲ್ಲ. ಅದು ನನಗೆ ತಿಳಿಯಿತು, ಮತ್ತು — ಬರೆಯಲೇಬೇಕು — ನನಗೆ ಸಂತೋಷವಾಯಿತು.

ಪರೀಕ್ಷಿಸುವವರು ಬಂದ ದಿನ ನೀನು ಆ ರವಿಕೆ ತೊಟ್ಟು ಬಂದೆ, ಕಲೆ ತೋರಿಸಲಿಲ್ಲ. ಮಳೆಗಾಲ ಬರುವಷ್ಟರಲ್ಲಿ ನಿನ್ನ ಕೈಯಲ್ಲಿ ಸೂಜಿ ನಿಲ್ಲದಾಯಿತು. ಕಿರುಬೆರಳು, ಅದರ ಪಕ್ಕದ ಬೆರಳು ಒಳಕ್ಕೆ ಬಾಗಿದವು. ಇಸ್ತ್ರಿಪೆಟ್ಟಿಗೆಗೆ ಅಂಗೈಯ ಅಂಚು ತಾಗಿದ್ದು ನಿನಗೆ ಗೊತ್ತಾದದ್ದು ಸುಟ್ಟ ವಾಸನೆ ಬಂದ ಮೇಲೆ. ಟೀಚರ್ ಆ ದಿನವೇ ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ವರ್ಷಗಟ್ಟಲೆ ಮಾತ್ರೆ ನುಂಗಿ ನಿನ್ನ ರೋಗ ವಾಸಿಯಾಯಿತು. ಬೆರಳು ನೆಟ್ಟಗಾಗಲಿಲ್ಲ.

ನೀನು ಮುಂಡಾಜೆಗೆ ಮರಳಿದೆ, ಮೂಡಬಿದಿರೆಯ ಕೆಲಸ ನನಗೆ ಸಿಕ್ಕಿತು. ಅಲ್ಲಿ ಹೊಲಿದ ಒಂದು ಹೂವಿನಿಂದಲೂ ನನಗೆ ತೃಪ್ತಿಯಾಗಲಿಲ್ಲ. ಜಲಜಾ ಆಗಿದ್ದರೆ ಈ ಎಸಳನ್ನು ಹೇಗೆ ತಿರುಗಿಸುತ್ತಿದ್ದಳು ಎಂಬ ಯೋಚನೆ... ಸೂಜಿ ಹಿಡಿಯಲಾಗದ ನಿನ್ನ ಮೇಲೂ ನನ್ನ ಹೊಟ್ಟೆಕಿಚ್ಚು ಆರಲಿಲ್ಲ.

ಹೀಗೆ ಹತ್ತು ವರ್ಷ. ಕಳೆದ ವಾರ ಬೆಳ್ತಂಗಡಿಯಲ್ಲಿ ಬಸ್ಸಿಗೆ ಕಾಯುವಾಗ ನಿನ್ನ ಅಣ್ಣ ಸಿಕ್ಕಿದರು. ನೀನು ಹೇಗಿದ್ದೀಯೆಂದು ಕೇಳಿದೆ.

"ಎಂತ ಹೇಳುವುದು? ಗುಣ ಆಗಿದೆ ಅಂತ ಡಾಕ್ಟರು ಹೇಳ್ತಾರೆ. ಆದರೂ ಮನೆಯಲ್ಲಿ ಮಕ್ಕಳು ಉಂಟಲ್ಲ, ಅವಳಿಗೆ ಬಟ್ಟಲು ಬೇರೆ, ಚಾಪೆ ಬೇರೆ. ಗೊತ್ತಿದ್ದೂ ಮುಚ್ಚಿಟ್ಟಳು, ಕೆಲಸದ ಆಸೆಗೆ. ಚಿಬ್ಬು ಅಂತ ಯಾರೋ ಹೇಳಿದರಂತೆ. ಯಾರು ಅಂತ ಕೇಳಿದರೆ ಬಾಯಿಯೇ ಬಿಡುವುದಿಲ್ಲ."

ಇಷ್ಟು ವರ್ಷವೂ ನೀನು ನನ್ನ ಹೆಸರು ಹೇಳಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕಬಹುದಿತ್ತು. ಹಾಕಿದರೆ ನೀನು ಒಬ್ಬಳೇ ಓದಿ, ಯಾರಿಗೂ ಹೇಳದೆ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತೀ. ಅದು ಬೇಡ. ಭಾನುವಾರ ಮುಂಡಾಜೆಗೆ ಬರುತ್ತೇನೆ. ನಿನ್ನ ಅಣ್ಣ, ಅತ್ತಿಗೆ, ಮಕ್ಕಳು ಎಲ್ಲರೂ ಇರುವಾಗ, ಒಂದು ಸಾಲೂ ಬಿಡದೆ, ಇದನ್ನು ಗಟ್ಟಿಯಾಗಿ ಓದುತ್ತೇನೆ. ಓದಿದ ಮೇಲೆ ನನ್ನನ್ನು ಒಳಗೆ ಕರೆಯಬೇಡ. ಅವರು ಕೇಳಬೇಕಾದದ್ದನ್ನೆಲ್ಲ ಕೇಳಿ ಮುಗಿಸುವವರೆಗೆ ನಾನು ಅಂಗಳದಲ್ಲೇ ನಿಂತಿರುತ್ತೇನೆ.